ಬೆಳ್ಳಗಾಗುವ ಪೆಟ್ಟಿಗೆ

ಮೀನು ತುಂಬಿಕೊಂಡು ಮುಂಬಯಿಗೆ ಹೋದ ಲಾರಿಗಳು ಬರುವಾಗ ಖಾಲಿ ಬರುತ್ತವೆ. ಹಾಗೆ ಖಾಲಿ ಬರುವ ಲಾರಿಗಳಲ್ಲಿ ನಮ್ಮ ಕಿರಿಮಂಜೇಶ್ವರಕ್ಕೆ ಏನೇನೋ ಬಂದಿದೆ: ಹೋಟೆಲಿನ ಹಳೆಯ ಗ್ರೈಂಡರು, ಕಾಲು ಮುರಿದ ಸೋಫಾ, ಒಮ್ಮೆ ಸಿಟ್ಟುಮಾಡಿಕೊಂಡು ಹೋಗಿದ್ದ ಒಬ್ಬ ಅಳಿಯ. ಎರಡು ಸಾವಿರದ ಒಂಬತ್ತನೇ ಇಸವಿಯಲ್ಲಿ, ಮಳೆಗಾಲಕ್ಕೆ ದೋಣಿಗಳನ್ನು ಮೇಲೆಳೆಯುವ ಮೊದಲಿನ ಕೊನೆಯ ಲಾರಿಯಲ್ಲಿ ಬಂದದ್ದು ಜಲಜಕ್ಕನ ಪೆಟ್ಟಿಗೆ.

ಆಳುದ್ದದ ಪೆಟ್ಟಿಗೆ, ಮರುವಾಯಿ ಚಿಪ್ಪಿನ ಹಾಗೆ ಬಾಯಿ ತೆರೆಯುವಂಥದ್ದು. ಒಳಗೆ ಮೇಲೂ ಕೆಳಗೂ ಸಾಲು ಸಾಲು ಟ್ಯೂಬ್‌ಲೈಟು. ದಾರಿಯುದ್ದಕ್ಕೂ ಲಾರಿಯ ಐಸ್‌ನೀರು ಕುಡಿದು ಬಂದದ್ದರಿಂದ ಬಂಗುಡೆಯ ವಾಸನೆ. ಇಳಿಸಲು ಬಂದವರಲ್ಲೊಬ್ಬ ಕೇಳಿದ.

"ಹ್ವಾಯ್ ಜಲಜಕ್ಕ, ಇದ್ ಸತ್ತವ್ರಿಗಾ, ಬದ್ಕಿದ್ದವ್ರಿಗಾ?"

"ಬದ್ಕಿದ್ದವ್ರಿಗೇ. ಕೆಳ್ಗ್ ಹಾಕ್‌ಬೇಡಿ, ಒಳ್ಗ್ ಇಪ್ದ್ ಗಾಜ್."

ಜಲಜಕ್ಕನ ಬ್ಯೂಟಿ ಪಾರ್ಲರು ಹೆದ್ದಾರಿ ಬದಿಯಲ್ಲಿ, ಮಂಜಯ್ಯನವರ ಅಕ್ಕಿ ಅಂಗಡಿಯ ಮಾಳಿಗೆಯಲ್ಲಿತ್ತು. ಆ ಕೋಣೆಯ ಮುಂದಿನ ಅರ್ಧದಲ್ಲಿ ನನ್ನ ಅಕ್ಕ ಹರಿಣಾಕ್ಷಿಯ ಹೊಲಿಗೆ ಯಂತ್ರ. ಹಿಂದಿನ ಅರ್ಧ, ಪರದೆಯಾಚೆ, ಹುಬ್ಬು ಕೀಳುವ ಕುರ್ಚಿ. ನಾನು ಬಿ.ಎಸ್ಸಿ. ಮುಗಿಸಿ ಕೆಲಸಕ್ಕೆ ಕಾಯುತ್ತ, ಅಕ್ಕ ಹೊಲಿದ ರವಿಕೆಗಳಿಗೆ ಹುಕ್ಕು ಕೂರಿಸಿಕೊಂಡು ಅಲ್ಲಿಯೇ ಮೂಲೆಯಲ್ಲಿ ಕೂತಿರುತ್ತಿದ್ದೆ. ಬಂದವರು ನನ್ನನ್ನು ಮಾತಾಡಿಸುತ್ತಿರಲಿಲ್ಲ. ನನಗೂ ಅದೇ ಅನುಕೂಲ. ನನ್ನ ಒಂದು ಮಾತು ಗಂಟಲಿನಿಂದ ಹೊರಡುವಷ್ಟರಲ್ಲಿ ಎದುರಿನವರ ನಾಲ್ಕು ಮಾತು ಮುಗಿದು ಅವರು ಬಸ್ಸು ಹತ್ತಿರುತ್ತಾರೆ. ಉಳಿದದ್ದನ್ನು ಮನೆಗೆ ಹೋಗಿ ಡೈರಿಗೆ ಹೇಳುತ್ತೇನೆ. ಅದಕ್ಕೆ ಬಸ್ಸಿಲ್ಲ.

ಪೆಟ್ಟಿಗೆಯ ಮುಚ್ಚಳದ ಮೇಲೆ ಒಬ್ಬಳು ಬಿಳಿ ಹೆಂಗಸಿನ ಚಿತ್ರ. ಕಣ್ಣು ಮುಚ್ಚಿ, ನಗುತ್ತ, ಎರಡು ತುಂಡು ಬಟ್ಟೆಯಲ್ಲಿ ಮಲಗಿದ್ದಳು. ಜಲಜಕ್ಕ ಮೊದಲು ಮಾಡಿದ ಕೆಲಸವೆಂದರೆ ಅಕ್ಕನ ಚೂರುಬಟ್ಟೆಯ ಚೀಲದಿಂದ ಒಂದು ಹೂವಿನ ತುಂಡು ಆರಿಸಿ ಅವಳಿಗೆ ಸೆರಗು ಅಂಟಿಸಿದ್ದು. ಆಮೇಲೆ ಮುಂಬಯಿಯ ತಮ್ಮ ಯೋಗೀಶನಿಗೆ ಫೋನು ಹಚ್ಚಿ, ನಮಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದಳು. ಯೋಗೀಶ ಒಂದು ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿದ್ದ. ಆ ಹೋಟೆಲಿನವರು ವ್ಯಾಯಾಮದ ಕೋಣೆ ಕೆಡವುವಾಗ ಗುಜರಿಗೆ ಹಾಕಿದ್ದನ್ನು ಇವನು ಎತ್ತಿಕೊಂಡಿದ್ದ.

"ಇದ್ ಎಂತಕ್ಕಂದೇಳಿ ನಿಂಗ್ ಸಮಾ ಗೊತ್ತಿತ್ತಾ?" ಎಂದಳು ಜಲಜಕ್ಕ.

"ಗೊತ್ತಿಲ್ದೆ ಎಂತ? ಬೆಳ್ಳಗಿನವ್ರೇ ಒಳ್ಗ್ ಹೋಪ್ದ್, ಬೆಳ್ಳಗಿನವ್ರೇ ಹೊರ್ಗ್ ಬಪ್ದ್. ನನ್ ಕಣ್ಣಾರೆ ಕಂಡಿದೆ. ಒಬ್ರಾರೂ ಕಪ್ಪಿನವ್ರ್ ಅದ್ರ್ ಹತ್ರ ಇರ್ಲಿಲ್ಲ."

ಇಷ್ಟು ಸಾಕ್ಷಿ ನಮ್ಮೂರಿಗೆ ಹೆಚ್ಚೇ ಆಯಿತು.

ಪೆಟ್ಟಿಗೆಯ ಒಳಗೆ ಒಂದು ಒದ್ದೆ ಪುಸ್ತಿಕೆ ಇತ್ತು. ಎಲ್ಲರೂ ನನ್ನ ಕಡೆ ನೋಡಿದರು. "ಅಪ್ಪಿ ಓದ್ಲಿ. ಬಿ.ಎಸ್ಸಿ. ಎಂತಕ್ ಮಾಡ್ದ್ ಮತ್ತೆ?" ಎಂದಳು ಜಲಜಕ್ಕ. ನಾನು ಹಾಳೆಗಳನ್ನು ಬಿಡಿಸಿ ಬಿಡಿಸಿ ಓದಿದೆ. ಇಂಗ್ಲಿಷಿನ ಭಾಗ ಚೆನ್ನಾಗಿಯೇ ಉಳಿದಿತ್ತು. ಓದಿ ಮುಗಿಸಿ ತಲೆಯೆತ್ತಿದೆ.

"ಜಲಜಕ್ಕ," ಎಂದೆ, "ಇದ್ ಬೆಳ್ಳಗ್ ಮಾಡೂದಲ್ಲ. ಕಪ್ಪ್ ಮಾಡೂದ್. ಅಲ್ಲಿಯವ್ರಿಗೆ ಬಿಸ್ಲ್ ಸಿಕ್ಕತ್ತಿಲ್ಲ. ಇದ್ರೊಳ್ಗ್ ಮಲ್ಗಿ ಮೈ ಕಂದ್ ಮಾಡ್ಕಂತ್ರ್. ಈ ಟ್ಯೂಬ್‌ನಂಗೆ ಅಲ್ಟ್ರಾವಯಲೆಟ್ ಬೆಳ್ಕ್ ಇತ್ತ್. ಚರ್ಮದ್ ಕ್ಯಾನ್ಸರ್ ಬಪ್ಪು ಸಾಧ್ಯತೆ ಇತ್ತ್ ಅಂದೇಳಿ ಬರ್ದಿದ್ರ್. ಕಣ್ಣಿಗೂ ಕೆಟ್ದ್."

ಅಷ್ಟು ಉದ್ದ ಮಾತು ನಾನು ಆ ವರ್ಷ ಆಡಿದ್ದು ಅದೇ ಮೊದಲು. ಹುಬ್ಬಿಗೆ ಕೂತಿದ್ದವರು ಸೇರಿ ಎಲ್ಲರೂ ನಕ್ಕರು.

"ಕಪ್ಪ್ ಆಪುಕೆ ಯಾರಾರೂ ದುಡ್ಡ್ ಕೊಡ್ತ್ರಾ, ಹೆಣೆ?" ಎಂದಳು ಜಲಜಕ್ಕ ಕಣ್ಣೊರೆಸಿಕೊಳ್ಳುತ್ತ. "ಕಪ್ಪ್ ನಮ್ಗೆ ಧರ್ಮಕ್ಕೇ ಸಿಕ್ಕತ್ತ್."

ಇಂಥ ಪ್ರಶ್ನೆ ಬಿ.ಎಸ್ಸಿ.ಯಲ್ಲಿ ಬಂದಿರಲಿಲ್ಲ. ಒಬ್ಬ ಮನುಷ್ಯ ಇರುವ ಬಿಳಿ ಬಣ್ಣವನ್ನು ದುಡ್ಡು ಕೊಟ್ಟು ಕಳೆದುಕೊಳ್ಳುತ್ತಾನೆಂದು ನಂಬಿಸುವುದಕ್ಕಿಂತ, ಸಮುದ್ರ ಸಿಹಿ ಎಂದು ನಂಬಿಸುವುದು ಸುಲಭ. ನಾನು ಪುಸ್ತಿಕೆ ಮಡಚಿದೆ. ಪೆಟ್ಟಿಗೆಯ ಜೊತೆಗಿರಬೇಕಾದ ಕಪ್ಪು ಕನ್ನಡಕಗಳು ಇರಲಿಲ್ಲ. ಕೇಳಿದರೆ ಯೋಗೀಶ, ಅವು ಮಕ್ಕಳ ಆಟಿಕೆ ಎಂದುಕೊಂಡು ಲಾರಿಯ ಡ್ರೈವರಿಗೆ ಕೊಟ್ಟೆ ಎಂದ. ಅದರ ಬದಲಿಗೆ ಮುಳ್ಳುಸೌತೆಯ ಬಿಲ್ಲೆ ಇಡುವುದೆಂದು ತೀರ್ಮಾನವಾಯಿತು.

ಇಲ್ಲಿಯವರೆಗೆ ನನಗೆ ನಗು ಬರುತ್ತಿತ್ತು. ಅದು ನಿಂತದ್ದು, ಮೊದಲ ಹೆಸರು ಬರೆಸಿದವಳು ಅಕ್ಕ ಎಂದು ಗೊತ್ತಾದಾಗ.

ಅಕ್ಕನಿಗೆ ಬ್ರಹ್ಮಾವರದ ಒಂದು ಸಂಬಂಧ ಬಂದಿತ್ತು. ಹುಡುಗ ಶೈಲೇಶ್, ಬಸ್‌ಸ್ಟ್ಯಾಂಡಿನ ಹತ್ತಿರ ಬಲೆ ಮತ್ತು ಹಗ್ಗದ ಅಂಗಡಿ. ಜಾತಕ ಕೂಡಿತ್ತು. ಆಸಾಡಿ, ನಮ್ಮ ಕಡೆಯ ಆಷಾಢ, ಕಳೆದ ಮೇಲೆ ನೋಡಲು ಬರುವುದೆಂದು ಮಾತಾಗಿತ್ತು. ಹುಡುಗನ ವಿಷಯದಲ್ಲಿ ಯಾರಿಗೂ ಅಂಜಿಕೆಯಿರಲಿಲ್ಲ. ಅಂಜಿಕೆ ಇದ್ದದ್ದು ಅವನ ತಾಯಿ ಸರಸಕ್ಕನ ಬಗ್ಗೆ. ಆಕೆ ತಾನು ತುಂಬ ಬೆಳ್ಳಗಿನ ಹೆಂಗಸು. ಹೆಣ್ಣು ನೋಡಲು ಹೋದ ಮನೆಯಲ್ಲಿ ಅವಲಕ್ಕಿ ತಿಂದು, ಕೈ ತೊಳೆದು, ಪ್ರೀತಿಯಿಂದ ಎಂಬಂತೆ ಹುಡುಗಿಯ ಕೈ ಹಿಡಿದು, ಮಾತಾಡುತ್ತಲೇ ಅವಳ ಬಳೆಗಳನ್ನು ಮೊಣಕೈಯ ಕಡೆಗೆ ಸರಿಸಿ ನೋಡುತ್ತಿದ್ದಳು. ಮುಖಕ್ಕೆ ಪೌಡರು ಬಳಿಯಬಹುದು, ಬಳೆಯ ಅಡಿಗೆ ಯಾರು ಬಳಿಯುತ್ತಾರೆ, ಅಲ್ಲಿರುವುದೇ ನಿಜವಾದ ಬಣ್ಣ, ಎಂಬುದು ಆಕೆಯ ಲೆಕ್ಕ. ಕೋಟದಿಂದ ಬೈಂದೂರಿನವರೆಗೆ ಎಷ್ಟೋ ಮನೆಯಲ್ಲಿ ಹಾಗೆ ಬಳೆ ಸರಿಸಿ, "ಮತ್ತ್ ಹೇಳಿ ಕಳಸ್ತೆ" ಎಂದು ಎದ್ದು ಬಂದವಳು.

ಅಕ್ಕನ ಬಣ್ಣ ನಮ್ಮ ಅಪ್ಪನದು, ನನ್ನದೂ ಅದೇ. ನಮ್ಮಿಬ್ಬರ ಬಳೆಯ ಅಡಿಯೂ ಮುಖದ ಹಾಗೆಯೇ ಪ್ರಾಮಾಣಿಕವಾಗಿತ್ತು.

"ಅಕ್ಕ, ಬೇಡ, ಅದ್ರೊಳ್ಗ್ ಹೋಪುಕಾಗ," ಎಂದೆ ಆ ದಿನ ಊಟಕ್ಕೆ ಕೂತಾಗ. "ಕ್ಯಾನ್ಸರ್ ಬತ್ತ್ ಅಂದೇಳಿ ಬರ್ದಿದ್ರ್."

ಒಣಮೀನು ಸುಡುತ್ತಿದ್ದ ಅಮ್ಮ ತಿರುಗಿ ನೋಡಿದರು. ಮಳೆಗಾಲದಲ್ಲಿ ಹಸಿಮೀನಿಲ್ಲ. ಮೀನು ಮಾರುವ ಅಮ್ಮನ ಬುಟ್ಟಿ ಗೋಡೆಗೆ ಕವುಚಿರುತ್ತದೆ.

"ಕ್ಯಾನ್ಸರ್ ಬಪ್ದ್ ಬೀಡಿ ಎಳಿಯುವವ್ರಿಗೆ. ಇವ್ಳ್ ಬೀಡಿ ಎಳಿತ್ಲಾ?"

"ಕಪ್ಪೂ ಆತ್ತ್, ಅಮ್ಮ."

"ಇನ್ನೂ ಕಪ್ಪ್ ಆಪುಕೆ ಎಂತ ಉಳ್ದಿತ್ತ್?" ಎಂದಳು ಅಕ್ಕ, ಗಂಜಿಯ ಬಟ್ಟಲಿನಿಂದ ತಲೆಯೆತ್ತದೆ. ಅವಳು ನಗಿಸಲು ಹೇಳಿದ್ದಳು. ಅಮ್ಮ ಒಣಮೀನು ಮಗುಚಿದರು.

ಮೊದಲ ಸಲಕ್ಕೆ ಐದು ನಿಮಿಷ ಸಾಕೆಂದು ಪುಸ್ತಿಕೆ ಹೇಳಿತ್ತು. ನಾನು ಅದನ್ನು ಜಲಜಕ್ಕನಿಗೆ ತೋರಿಸಿದೆ. "ಅದ್ ಅಲ್ಲಿಯವ್ರ ತೆಳು ಚರ್ಮಕ್ಕೆ," ಎಂದಳು, "ನಮ್ದ್ ಉಪ್ಪುನೀರ್ ಕುಡ್ದ ಚರ್ಮ. ಇಪ್ಪತ್ತಾದ್ರೂ ಬೇಕ್." ಅಕ್ಕ ಬಳೆ ಬಿಚ್ಚಿ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಮುಚ್ಚಳ ಬಿತ್ತು. ನೀಲಿ ಬೆಳಕು ಪರದೆಯ ಅಂಚಿನಿಂದ ಸೋರಿ ರವಿಕೆಗಳ ಮೇಲೆ ಬಿದ್ದಿತು. ನಡುವೆ ಕರೆಂಟು ಹೋಯಿತು. ಬಂದ ಮೇಲೆ ಎಲ್ಲಿಗೆ ನಿಲ್ಲಿಸಿದ್ದೆಂದು ಜಲಜಕ್ಕನಿಗೆ ಮರೆತುಹೋಗಿತ್ತು. ಮತ್ತೆ ಮೊದಲಿನಿಂದ ಶುರುಮಾಡಿದಳು. ಒಳಗಿನಿಂದ ಅಕ್ಕ ಸೀನಿದ್ದು ಕೇಳಿತು. ಸೌತೆಯ ಬಿಲ್ಲೆಗಳು ಬಿದ್ದದ್ದು ಆಗಲೇ ಇರಬೇಕು.

ಸಂಜೆಯೊಳಗೆ ಅಕ್ಕನ ಮುಖ, ಕೈ, ಬೆನ್ನು ಎಲ್ಲ ಕೆಂಪು. ಕಣ್ಣಿನಿಂದ ನೀರು ಸುರಿಯುತ್ತಿತ್ತು. ಕಣ್ಣೊಳಗೆ ಕಡಲಕರೆಯ ಹೊಯಿಗೆ ಹಾಕಿ ತಿಕ್ಕಿದ ಹಾಗೆ ಆಗುತ್ತದೆ ಎಂದಳು. ಮಾರನೆಯ ದಿನ ಯಂತ್ರದ ಮುಂದೆ ಕೂತು ಸೂಜಿಗೆ ದಾರ ಪೋಣಿಸಲು ಹೋದಳು. ದಾರ ಸೂಜಿಯ ಬಲಕ್ಕೆ ಹೋಯಿತು, ಎಡಕ್ಕೆ ಹೋಯಿತು. ಬಾಯಿಯಲ್ಲಿ ಒದ್ದೆ ಮಾಡಿ ಮತ್ತೆ ನೋಡಿದಳು.

"ಅಪ್ಪಿ," ಎಂದಳು ಕೊನೆಗೆ, ಸಣ್ಣ ದನಿಯಲ್ಲಿ, "ಚೂರ್ ಪೋಣ್ಸ್ ಕಾಂಬ."

ನಮ್ಮಕ್ಕ ಮಾತಾಡುತ್ತ, ಕಿಟಕಿಯಾಚೆ ಬಸ್ಸು ನೋಡುತ್ತ ಸೂಜಿ ಪೋಣಿಸುವವಳು. ಮಳೆಗಾಲದಲ್ಲಿ ನಮ್ಮ ಮನೆಯ ಒಲೆ ಉರಿಯುವುದು ಅವಳ ಕಣ್ಣಿನಿಂದ. ನಾನು ಪೋಣಿಸಿಕೊಟ್ಟೆ. ಕಣ್ಣು ಸರಿಹೋಗಲು ಎರಡು ಮೂರು ದಿನ ಬೇಕಾಯಿತು. ಅಷ್ಟರಲ್ಲಿ ಅವಳ ಮೈ ಹುರಿದ ಗೇರುಬೀಜದ ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು.

"ಕಾಣ್, ಕಪ್ಪ್ ಆಯ್ತ್," ಎಂದೆ ಜಲಜಕ್ಕನಿಗೆ.

"ಆಯ್ಕೇ, ಆಗ್ಲೇಬೇಕ್," ಎಂದಳು ಆಕೆ, ಸ್ವಲ್ಪವೂ ಅಲುಗಾಡದೆ. "ಬಾಣ್ಲಿ ತಿಕ್ಕುವತಿಗೆ ಮೊದ್ಲ್ ಮಸಿ ಮೇಲ್ ಬತ್ತಿಲ್ಯಾ? ಒಳ್ಗಿದ್ದ್ ಕಪ್ಪೆಲ್ಲ ಹೊರ್ಗ್ ಬಪ್ದ್ ಇದ್. ಬಂದ್ಕಂಡ್ ಮತ್ತ್ ಹೋತ್ತ್."

ಹಾಗೆ ಹೇಳಿದ ಮೂರನೆಯ ದಿನ ಅಕ್ಕನ ಭುಜದ ಸಿಪ್ಪೆ ಏಳತೊಡಗಿತು. ಎದ್ದ ಸಿಪ್ಪೆಯ ಅಡಿ ಒಂದು ಕಾಸಿನಗಲ ನಸುಗೆಂಪು. ಜಲಜಕ್ಕ ಕೈಗನ್ನಡಿ ಹಿಡಿದು ಅದನ್ನು ಬಂದವರಿಗೆಲ್ಲ ತೋರಿಸಿದಳು. ಬೈಂದೂರಿನಿಂದ ಬಂದವರೂ ನೋಡಿ ಹೋದರು. ಸುಟ್ಟ ಗಾಯ ನಮ್ಮ ತಾಲೂಕಿನಲ್ಲಿ ಅಷ್ಟು ಮರ್ಯಾದೆ ಯಾವತ್ತೂ ಪಡೆದಿರಲಿಲ್ಲ.

ಆಸಾಡಿಯಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ, ಮೀನಿಲ್ಲ. ಪಾರ್ಲರುಗಳು ನೊಣ ಹೊಡೆಯುವ ಕಾಲ. ಆ ವರ್ಷ ಜಲಜಕ್ಕನ ಮೆಟ್ಟಿಲ ಮೇಲೆ ಕೊಡೆ ಇಡಲು ಜಾಗವಿರಲಿಲ್ಲ. ಆಸಾಡಿ ಮುಗಿಯುವುದರೊಳಗೆ ಬೆಳ್ಳಗಾಗಿ ಮದುವೆಯ ಕಾಲಕ್ಕೆ ತಯಾರಾಗಬೇಕೆಂದು ಮದುಮಗಳಂದಿರು ಬಂದರು. ಟ್ಯೂಶನ್ ತಪ್ಪಿಸಿ ಪಿಯುಸಿ ಹುಡುಗಿಯರು ಬಂದರು. ಹದಿನೆಂಟು ತುಂಬದವರು ಕೂಡದು ಎಂದು ಪುಸ್ತಿಕೆ ಹೇಳುತ್ತದೆ ಎಂದೆ. "ಹೌದನಾ," ಎಂದು ಜಲಜಕ್ಕ ಅವರಿಗೆ ಅರ್ಧ ದರ ಮಾಡಿದಳು. ಅವರಲ್ಲಿ ಮಂಜಯ್ಯನವರ ಮಗಳು ಸ್ವಾತಿಯೂ ಇದ್ದಳು.

ಮಂಜಯ್ಯನವರು ನಮ್ಮ ಕಟ್ಟಡದ ಯಜಮಾನರು, ಕೆಳಗೆ ಅಕ್ಕಿ ಅಂಗಡಿ ನಡೆಸುವವರು, ಅಲ್ಲದೆ ಊರಿನ ಕಡಲಕರೆ ಸ್ವಾಸ್ಥ್ಯ ಸಮಿತಿಯ ಅಧ್ಯಕ್ಷರು. ಹಿಂದಿನ ವರ್ಷ ಕರಾವಳಿಯಲ್ಲಿ ಚಿಕೂನ್‌ಗುನ್ಯ ಹರಡಿದಾಗ ಹುಟ್ಟಿದ ಸಮಿತಿ. ಜ್ವರ ಹೋಗಿತ್ತು, ಸಮಿತಿ ಉಳಿದಿತ್ತು, ಸಮಿತಿಯ ಬಳಿ ಒಂದು ಹೊಗೆಯ ಯಂತ್ರವೂ ಉಳಿದಿತ್ತು. ಈಗ ಊರಿನ ಹುಡುಗಿಯರೆಲ್ಲ ಒಬ್ಬರ ಹಿಂದೊಬ್ಬರು ಕೆಂಪಾಗಿ, ಮೈ ಬಿಸಿಯಾಗಿ, ಕಣ್ಣುರಿಯೆಂದು ಮಲಗಿ, ಎದ್ದಾಗ ಕಪ್ಪಾಗಿ ಕಾಣತೊಡಗಿದ್ದು ಮಂಜಯ್ಯನವರ ಗಮನಕ್ಕೆ ಬಂತು. ಸ್ವಾತಿಯೂ ಮಲಗಿದಾಗ ಅವರು ತುರ್ತುಸಭೆ ಕರೆದರು.

ಅಂಗಡಿಯಲ್ಲೇ ಸಭೆ. ಅಕ್ಕಿ ಮೂಟೆಗಳ ಮೇಲೆ ಸದಸ್ಯರು. ನಾನು ಬಾಗಿಲ ಬಳಿ, ಕೈಯಲ್ಲಿ ಒಂದು ಚೀಟಿ ಹಿಡಿದು ನಿಂತೆ. ಬಾಯಿ ಬರದವರಿಗೆ ಚೀಟಿಯೇ ಗತಿ. ಅಕ್ಕನ ಎರಡನೆಯ ಸರದಿ, ಹೆಣ್ಣು ನೋಡಲು ಬರುವ ವಾರದಲ್ಲಿ, ಮೊದಲಿಗಿಂತ ಹೆಚ್ಚು ಹೊತ್ತಿಗೆಂದು ಆಗಲೇ ನಿಗದಿಯಾಗಿತ್ತು. ಜಲಜಕ್ಕನ ಬಾಗಿಲು ಮುಚ್ಚಿಸಬಲ್ಲವರು ಇದ್ದರೆ ಇವರೇ.

ಮಂಜಯ್ಯನವರು ಚೀಟಿಯನ್ನು ದೂರ ಹಿಡಿದು ಗಟ್ಟಿಯಾಗಿ ಓದಿದರು. "'ರೋಗಕ್ಕೆ ಕಾರಣ ಮಾಳಿಗೆಯ ಯಂತ್ರ. ಅದು ಬಿಸಿಲಿನ ಕೆಲಸ ಮಾಡುತ್ತದೆ. ದಯವಿಟ್ಟು ನಿಲ್ಲಿಸಿ.' ಬಿಸ್ಲಾ? ಆಸಾಡಿಯಂಗೆ ಬಿಸ್ಲ್ ಎಲ್ಲಿತ್ತ್, ಹೆಣೆ? ಇದ್ರೆ ಹೇಳ್. ನಮ್ಮನಿ ಹಲ್ಸಿನ್ ಹಪ್ಳ ಬೂಷ್ಟ್ ಹಿಡಿತಾ ಇತ್ತ್."

ಮೂಟೆಗಳು ನಕ್ಕವು.

"ಮತ್ತ್ ಕಾಣ್, ನಮ್ಮ ಸಮಿತಿಗೆ ಬಪ್ದ್ ಸೊಳ್ಳೆ, ನೀರ್, ಆಹಾರ," ಎಂದರು ಅವರು, ಸ್ವಲ್ಪ ಮೆತ್ತಗೆ. "ಈ ಪೆಟ್ಗಿ ಇದ್ರಂಗೆ ಯಾವ್ದ್?"

"ಕರೆಂಟ್," ಎಂದ ಒಬ್ಬ ಸದಸ್ಯ.

"ಕರೆಂಟಿಗೆ ಬೇರೆ ಇಲಾಖೆ ಇತ್ತ್."

ಅವರು ಕೆಟ್ಟವರಲ್ಲ. ಮಾಳಿಗೆಯ ಬಾಡಿಗೆ ಆ ತಿಂಗಳು ಮೊದಲ ಬಾರಿಗೆ ಹೇಳದೆಯೇ ಬಂದಿತ್ತು ಎಂಬುದು ಬೇರೆ ಮಾತು. ಇದು ಹೋದ ವರ್ಷದ ಜ್ವರದ ಬಾಲ ಎಂದು ಸಭೆ ಒಮ್ಮತದಿಂದ ತೀರ್ಮಾನಿಸಿತು. ಆ ಜ್ವರ ಬಂದವರಿಗೂ ಮೂಗು ಕಪ್ಪಾಗಿತ್ತಲ್ಲ. ಸಂಜೆ ಹೊಗೆಯ ಯಂತ್ರ ಹೊರಬಂತು. ಹೊಗೆ ಅಂಗಡಿಯಿಂದ ಮೆಟ್ಟಿಲೇರಿ ಪಾರ್ಲರಿಗೆ ನುಗ್ಗಿತು. ಸರದಿಗೆ ಕಾಯುತ್ತಿದ್ದ ಹುಡುಗಿಯರು ಕೆಮ್ಮಿದರು, ಆದರೆ ಜಾಗ ಬಿಡಲಿಲ್ಲ. ಹೊಗೆಯ ನಡುವೆ ಪೆಟ್ಟಿಗೆ ನೀಲಿಯಾಗಿ ಉರಿಯುತ್ತಿತ್ತು.

ಆಸಾಡಿ ಕಳೆಯಿತು. ಬ್ರಹ್ಮಾವರದವರು ಆದಿತ್ಯವಾರ ಬರುವುದೆಂದು ಹೇಳಿ ಕಳಿಸಿದರು. ಗುರುವಾರ ಬೆಳಿಗ್ಗೆ ಅಕ್ಕನ ಸರದಿ.

ಅಂದು ಮಳೆ ಸ್ವಲ್ಪ ಹೊಳವಾಗಿತ್ತು. ಅಕ್ಕ ಬಳೆ ಬಿಚ್ಚತೊಡಗಿದಳು. ಎರಡು ಬಳೆ ನನ್ನ ಕೈಗೆ ಬಂದವು. ನನಗೆ ಏನಾಯಿತೋ, ಎದ್ದು ಹೋಗಿ ಪರದೆಯ ಮುಂದೆ ನಿಂತೆ.

"ಅಕ್ಕ, ನೀ ಒಳ್ಗ್ ಹೋಪುಕಾಗ."

"ಸರಿ ಅಪ್ಪಿ, ಬದಿಗ್ ಹೋಗ್."

"ಹೋತಿಲ್ಲೆ. ಹೋದ್ಸಲ ಸೂಜಿ ಕಾಣ್ಲಿಲ್ಲ ನಿಂಗೆ. ಈ ಸಲ ಕಣ್ಣೇ ಹೋದ್ರೆ ಅವ್ರ್ ಬಳಿ ಸರ್ಸಿ ಕಂಡ್ಕಂಡ್ ಎಂತ ಮಾಡೂದ್? ಇದ್ ಕಪ್ಪ್ ಮಾಡು ಮಿಷನ್. ಸುಡು ಮಿಷನ್. ನೀ ಸರಿ ಇದ್ದೆ. ಹೀಂಗೇ ಸರಿ ಇದ್ದೆ."

ಇದನ್ನೆಲ್ಲ ನಾನು ಗಟ್ಟಿಯಾಗಿ ಹೇಳಿದ್ದೆನೆಂದು ಗೊತ್ತಾದದ್ದು, ಮೆಟ್ಟಿಲ ಬಳಿ ಯಾರೋ ಕೆಮ್ಮಿದಾಗ. ಒಬ್ಬ ಹೆಂಗಸು ನಿಂತಿದ್ದರು. ದಪ್ಪ ಜರಿಯ ಸೀರೆ, ಎರಡೂ ಕೈಗೆ ಚಿನ್ನದ ಬಳೆ, ಕೈಯಲ್ಲೊಂದು ರವಿಕೆಯ ಕಣ. ಬೆಳ್ಳಗೆ ಸುಣ್ಣದ ಗೋಡೆಯ ಹಾಗಿದ್ದರು.

"ಇಲ್ಲಿ ಹೊಲಿವ ಹೆಣ್ಣ್ ಯಾರ್?" ಎಂದರು. ಕಣ್ಣು ಆಗಲೇ ಅಕ್ಕನ ಬರಿಗೈಯ ಮೇಲಿತ್ತು.

ಅಕ್ಕ ಟೇಪು ತೆಗೆದುಕೊಂಡು ಅಳತೆ ಹಿಡಿದಳು. ಹೆಸರು, ಊರು ಕೇಳಿದಾಗ ಆಕೆ, "ಬ್ರಹ್ಮಾವರ. ಬಲೆ ಅಂಗ್ಡಿ ಅಂದ್ರೆ ಯಾರಾರೂ ಹೇಳ್ತ್ರ್," ಎಂದುಬಿಟ್ಟರು, ಹೇಳಿದ ಮೇಲೆ ತುಟಿ ಕಚ್ಚಿಕೊಂಡರು. ಟೇಪು ಅಕ್ಕನ ಕೈಯಲ್ಲಿ ನಿಂತಿತು. ಆದಿತ್ಯವಾರದವರೆಗೆ ತಡೆಯಲಾರದೆ ಹುಡುಗಿಯನ್ನು ಪೌಡರಿಲ್ಲದೆ ನೋಡಲು ಸರಸಕ್ಕ ಬೆಳಗಿನ ಬಸ್ಸಿಗೇ ಬಂದಿದ್ದರು. ನಮ್ಮ ಕಡೆ ಹಾಗೆ ಕದ್ದು ನೋಡುವುದು ತಪ್ಪಲ್ಲ. ಸಿಕ್ಕಿಬೀಳುವುದು ತಪ್ಪು. ಆದ್ದರಿಂದ ಯಾರಿಗೂ ಯಾರೆಂದು ತಿಳಿಯದ ಹಾಗೆ ಎಲ್ಲರೂ ನಡೆದುಕೊಂಡೆವು.

"ಅದ್ ಎಂತ ನೀಲಿ ಬೆಳ್ಕ್?" ಎಂದರು ಅವರು, ಪರದೆಯ ಕಡೆ ನೋಡಿ.

ಜಲಜಕ್ಕನಿಗೆ ಅಷ್ಟೇ ಸಾಕಿತ್ತು. ಮುಂಬಯಿ ಹೋಟೆಲು, ಬೆಳ್ಳಗಿನವರು ಹೋದದ್ದು, ಬೆಳ್ಳಗಿನವರು ಬಂದದ್ದು, ಬಾಣಲೆಯ ಮಸಿ, ಎಲ್ಲ ಒಂದೇ ಉಸಿರಿಗೆ ಹೇಳಿದಳು. ಸರಸಕ್ಕ ಸೆರಗು ಹೊದ್ದ ಬಿಳಿ ಹೆಂಗಸನ್ನು ಬಹಳ ಹೊತ್ತು ನೋಡಿದರು. ಮಗನ ಮದುವೆಯ ಫೋಟೋದಲ್ಲಿ ತಾವು ಹೇಗೆ ಕಾಣಬಹುದೆಂಬುದು ಅವರ ಮುಖದಲ್ಲೇ ಕಂಡಿತು.

"ಅತ್ತೆ," ಎಂದೆ. ಗಂಟಲು ಒಮ್ಮೆ ತೆರೆದದ್ದು ಇನ್ನೂ ಮುಚ್ಚಿರಲಿಲ್ಲ. "ಅದ್ರೊಳ್ಗ್ ಹೋಪುಕಾಗ. ಕಪ್ಪ್ ಆತ್ರಿ."

"ಕಣ್ಣ್ ಮಸ್ತ್ ಉರಿತ್ತ್," ಎಂದಳು ಅಕ್ಕ. "ನಂಗೆ ಹೋದ್ಸಲ ಆಯಿತ್ತ್."

ಸರಸಕ್ಕ ನನ್ನನ್ನು ನೋಡಿದರು, ಅಕ್ಕನನ್ನು ನೋಡಿದರು, ಮತ್ತೆ ಅಕ್ಕನ ಬಿಚ್ಚಿಟ್ಟ ಬಳೆಗಳನ್ನು ನೋಡಿದರು. ಅವರಿಗೆ ಎಲ್ಲವೂ ಅರ್ಥವಾಯಿತು.

"ನೀವ್ ಹೋಪ್ದ್, ಬೇರೆಯವ್ರ್ ಹೋಪುಕಾಗ," ಎಂದು ನಕ್ಕರು. "ಕಪ್ಪ್ ಆಪುಕೆ ಯಾರಾರೂ ಮಿಷನ್ ಮಾಡ್ತ್ರಾ, ಮಗಾ? ನಂಗ್ ಅಷ್ಟೂ ತಿಳಿತಿಲ್ಯಾ?"

ಅಕ್ಕನ ಸರದಿ ಅವರಿಗೆ ಹೋಯಿತು. ಬಳೆ ಬಿಚ್ಚಿಡಿ ಎಂದು ಜಲಜಕ್ಕ ಹೇಳಿದಳು. ಗುರುತಿಲ್ಲದ ಊರಿನಲ್ಲಿ ಚಿನ್ನ ಬಿಚ್ಚುವಷ್ಟು ಬೋದಾಳಿ ತಾನಲ್ಲ ಎಂದು ಸರಸಕ್ಕ ಬಳೆಯೊಂದಿಗೇ ಮಲಗಿದರು. ಅಂದು ಕರೆಂಟು ಕೂಡ ಹೋಗಲಿಲ್ಲ.

ಅವರು ಬಸ್ಸು ಹತ್ತಿದ ಮೇಲೆ ಅಕ್ಕ ಯಂತ್ರದ ಮುಂದೆ ಕೂತಳು. ಜಲಜಕ್ಕ, "ನಾಳೆ ನಿನ್ನನ್ ಹಾಕ್ತೆ," ಎಂದಳು. ಅಕ್ಕ ಬಳೆಗಳನ್ನು ಒಂದೊಂದಾಗಿ ಕೈಗೆ ತೊಟ್ಟುಕೊಂಡಳು.

"ಬೇಡ ಜಲಜಕ್ಕ. ಅವ್ರ್ ಕಂಡಾಯ್ತಲೇ. ಇನ್ನ್ ಬೆಳ್ಳಗಾಯ್ ಯಾರಿಗ್ ತೋರ್ಸೂದ್?"

ಸರಸಕ್ಕ ಕದ್ದು ನೋಡಿಹೋದದ್ದನ್ನಷ್ಟೇ ನಮ್ಮಿಂದ ಕೇಳಿ, ಆದಿತ್ಯವಾರ ಬ್ರಹ್ಮಾವರದವರು ಬರುವುದೇ ಇಲ್ಲ ಎಂದು ಅಮ್ಮ ತೀರ್ಮಾನಿಸಿ, ಆದರೂ ಅವಲಕ್ಕಿ ಕಲಸಿಟ್ಟಿದ್ದರು. ಕಾರು ಬಂದು ನಿಂತಿತು. ಮೊದಲು ಇಳಿದವನು ಶೈಲೇಶ್, ತುಸು ಗೂನು ಬೆನ್ನಿನ, ಬಲೆಯ ನೂಲಿನ ವಾಸನೆಯ ಮನುಷ್ಯ. ಹಿಂದಿನಿಂದ ಸರಸಕ್ಕ ಇಳಿದರು. ಮಳೆ ಸುರಿಯುತ್ತಿತ್ತು, ಆದರೂ ಕಪ್ಪು ಕನ್ನಡಕ ಹಾಕಿದ್ದರು. ಸೆರಗನ್ನು ಕಿವಿಯವರೆಗೆ ಹೊದ್ದಿದ್ದರು.

"ಅಮ್ಮನಿಗೆ ಕಣ್ಣಿನ ಸೋಂಕು," ಎಂದ ಶೈಲೇಶ್. "ನಿಮ್ಮ ಬದಿಯಂಗೆ ಜ್ವರ ಇತ್ತಂಬ್ರ್, ಅದೇ ಇರ್ಕ್. ನಮ್ಮಲ್ಲೂ ಹೊಗೆ ಹಾಕುಕೆ ಹೇಳಿದೆ."

ಅಮ್ಮ ಅವರನ್ನು ಹಿಂದೆ ಕಂಡಿರಲಿಲ್ಲ. "ಬನ್ನಿ, ಕೂಕಣಿ," ಎಂದು ಚಾಪೆ ಹಾಸುತ್ತ, ನನ್ನ ಕಿವಿಯಲ್ಲಿ, "ಬೆಳ್ಳಗಿನ ಹೆಂಗ್ಸ್ ಅಂದಿದ್ರಲೇ, ಇದ್ ಯಾರನ್ ಕರ್ಕಂಡ್ ಬಂದ್ರ್?" ಎಂದರು.

ಅಕ್ಕ ಚಾ ತಂದಳು. ಅವಲಕ್ಕಿಯಾಯಿತು. ಕೈ ತೊಳೆದಾಯಿತು. ಸರಸಕ್ಕ ಸೆರಗು ಇನ್ನಷ್ಟು ಎಳೆದುಕೊಂಡು ಕೂತಿದ್ದರು. ಆದರೆ ಎಷ್ಟೋ ವರ್ಷದ ಅಭ್ಯಾಸ, ಕೈ ತನ್ನಷ್ಟಕ್ಕೆ ಎದ್ದಿತು. ಅಕ್ಕನ ಕೈ ಹಿಡಿದುಕೊಂಡಿತು. ಬೆರಳುಗಳು ಅಕ್ಕನ ಗಾಜಿನ ಬ‍ಳೆಗಳನ್ನು ಮೊಣಕೈಯ ಕಡೆಗೆ ನೂಕಿದವು. ಹಾಗೆ ನೂಕುವಾಗ ಅವರ ಕೈ ಮೇಲಾಯಿತು, ಅವರದೇ ಚಿನ್ನದ ಬಳೆಗಳು ಕೆಳಗೆ ಜಾರಿದವು.

ಅಕ್ಕನ ಬಳೆಯ ಅಡಿ ಏನೂ ಇರಲಿಲ್ಲ, ಅಕ್ಕನ ಕೈಯೇ ಇತ್ತು. ಸರಸಕ್ಕನ ಬಳೆಯ ಅಡಿ ಮಾತ್ರ, ಸುಟ್ಟ ಹಲಸಿನ ಹಪ್ಪಳದ ಬಣ್ಣದ ಕೈಯಲ್ಲಿ, ಸುಣ್ಣದಲ್ಲಿ ಎಳೆದ ಪಟ್ಟಿಯ ಹಾಗೆ, ಬೆಳ್ಳಗಿನ ಬಳೆಗಳು.

ಎಲ್ಲರೂ ನೋಡಿದರು. ಶೈಲೇಶ್ ಬಗ್ಗಿ ನೋಡಿದ.

"ಅಮ್ಮ, ಇದೆಂತ? ಜ್ವರ ಬಳಿ ಇದ್ದಲ್ ಬರ್ಲಿಲ್ಯಾ?"

ಉತ್ತರ ಗೊತ್ತಿದ್ದವರು ನಾವು ಮೂವರು: ಸರಸಕ್ಕ, ಅಕ್ಕ, ನಾನು. ಅಕ್ಕ ಮನಸ್ಸು ಮಾಡಿದ್ದರೆ ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಅವಳು ಮೆಲ್ಲನೆ ಬಾಗಿ ಸರಸಕ್ಕನ ಬಳೆಗಳನ್ನು ಮೊದಲಿದ್ದ ಜಾಗಕ್ಕೆ ಸರಿಸಿಟ್ಟಳು.

"ಕಣ್ಣಿಗೆ ತಣ್ಣೀರ್ ಬಟ್ಟಿ ಹಾಕಿ, ಅತ್ತೆ," ಎಂದಳು. "ಎರ್ಡ್ ಮೂರ್ ದಿನಕ್ ಕಡ್ಮಿ ಆತ್ತ್. ಬಣ್ಣಕ್ ಸ್ವಲ್ಪ ಹೆಚ್ಚ್ ದಿನ ಬೇಕ್."

ಕಪ್ಪು ಕನ್ನಡಕದ ಅಡಿಯಿಂದ ಒಂದು ಹನಿ ಇಳಿಯಿತು. ಉರಿಯದೋ ಬೇರೆಯದೋ, ನನಗೆ ತಿಳಿಯಲಿಲ್ಲ. ಹುಡುಗಿಯ ಬಣ್ಣದ ಬಗ್ಗೆ ಆ ಮನೆಯಲ್ಲಿ ಆಡಬಹುದಾದ ಯಾವ ಮಾತೂ ಈಗ ಆಕೆಗೆ ಉಳಿದಿರಲಿಲ್ಲ. ಯಾವುದನ್ನು ಆಡಿದರೂ ಅದು ತಿರುಗಿ ಬಂದು ಆಕೆಯ ಮಣಿಗಂಟಿನ ಮೇಲೇ ಕೂರುತ್ತಿತ್ತು.

ಶೈಲೇಶ್ ಕೆಮ್ಮಿ, ಅಕ್ಕನನ್ನು ಕೇಳಿದ. "ಮದಿಯಾದ್ ಮೇಲೂ ಹೊಲ್ಗಿ ಮಾಡ್ತ್ರಿಯಾ? ನಮ್ಮ್ ಅಂಗ್ಡಿ ಬದಿಯಂಗೆ ಒಂದ್ ಕೋಣಿ ಖಾಲಿ ಇತ್ತ್."

"ಕಣ್ಣಿದ್ದಷ್ಟ್ ದಿನ ಮಾಡ್ತೆ," ಎಂದಳು ಅಕ್ಕ.

ಅಮ್ಮ ಒಳ್ಳೆಯ ದಿನ ಯಾವುದೆಂದು ಕೇಳಿದರು. ಗಣಪತಿಯ ಚೌತಿ ಕಳೆದ ಕೂಡಲೆ ಒಂದು ಮುಹೂರ್ತವಿದೆ ಎಂದ ಶೈಲೇಶ್. "ಬೇಡ, ದೀಪಾವಳಿ ಕಳೀಲಿ," ಎಂದರು ಸರಸಕ್ಕ. ಅವರು ಆ ದಿನ ಆಡಿದ ಮೊದಲ ಮಾತು ಅದು. ಹೀಗೆ ನಮ್ಮ ಅಕ್ಕನ ಮದುವೆ, ಅತ್ತೆಯ ಬಣ್ಣ ಬರುವವರೆಗೆ ಮುಂದೆ ಹೋಯಿತು.

ಇದನ್ನು ನಾವು ಯಾರಿಗೂ ಹೇಳಲಿಲ್ಲ. ಕಾರಿನ ಡ್ರೈವರ್ ಜಗಲಿಯಲ್ಲಿ ಕೂತು ನೋಡಿದ್ದ, ಪೆಟ್ಟಿಗೆಗೆ ಹೋದದ್ದನ್ನು ಮೆಟ್ಟಿಲ ಮೇಲಿನ ಹುಡುಗಿಯರು ನೋಡಿದ್ದರು, ಸಾಲದೇ. ಬ್ರಹ್ಮಾವರದ ಸರಸಕ್ಕ ಜಲಜಕ್ಕನ ಪೆಟ್ಟಿಗೆಗೆ ಬೆಳ್ಳಗೆ ಹೋಗಿ ಕಪ್ಪಾಗಿ ಬಂದಳಂತೆ ಎಂಬ ಸುದ್ದಿ ಕೋಟ, ಕುಂದಾಪುರ ದಾಟಿ ಬೈಂದೂರಿನವರೆಗೆ ಬಸ್ಸಿನಲ್ಲೇ ಬಂತು. ಕ್ಯಾನ್ಸರ್ ಎಂದಾಗ ಒಬ್ಬರೂ ಮೆಟ್ಟಿಲಿಳಿದಿರಲಿಲ್ಲ. ಕಪ್ಪು ಎಂದದ್ದೇ ಮೆಟ್ಟಿಲು ಖಾಲಿ. ನನ್ನ ಚೀಟಿಯಲ್ಲಿ ನಾನು ಬಿಸಿಲು ಎಂದು ಬರೆಯುವ ಬದಲು ಬಣ್ಣ ಎಂದು ಬರೆಯಬೇಕಿತ್ತು. ನಾಲ್ಕು ದಿನದಲ್ಲಿ ಹುಡುಗಿಯರ ಜ್ವರ ನಿಂತಿತು. ಹೊಗೆಯಿಂದ ರೋಗವನ್ನು ಬುಡಸಹಿತ ಕಿತ್ತೆವೆಂದು ಸ್ವಾಸ್ಥ್ಯ ಸಮಿತಿ ಮಂಜಯ್ಯನವರಿಗೆ ಶಾಲು ಹೊದಿಸಿತು.

ಜಲಜಕ್ಕ ಸೋಲುವವಳಲ್ಲ. ಬೆಳಕೆಂದರೆ ಬೆಳಕೇ, ಮಳೆಗಾಲದಲ್ಲಿ ಬಿಸಿಲಿಗಿಂತ ಏನು ಕಡಿಮೆ ಎಂದು, ಪೆಟ್ಟಿಗೆಯೊಳಗೆ ಬಟ್ಟೆ ಹಾಸಿ ಹಲಸಿನ ಹಪ್ಪಳ ಹರಡಿದಳು. ಒಂದು ಮಗ್ಗುಲು ಚೆನ್ನಾಗಿಯೇ ಒಣಗಿತು. ಎರಡನೆಯ ದಿನ ಮಂಜಯ್ಯನವರು ಮೂಗು ಹಿಡಿದುಕೊಂಡು ಮೆಟ್ಟಿಲೇರಿದರು.

"ಜಲಜ, ಇದೆಂತ?"

"ಹಪ್ಳ. ನಿಮ್ಗೂ ಒಣ್ಗ್ಸಿ ಕೊಡ್ತೆ."

"ಹಪ್ಳ ಅಂದ್ರೆ ಆಹಾರ," ಎಂದರು ಮಂಜಯ್ಯನವರು, ಮುಖ ಒಮ್ಮೆಲೇ ಗಂಭೀರ ಮಾಡಿಕೊಂಡು. "ಮೀನ್ ವಾಸ್ನಿ ಪೆಟ್ಗಿಯಂಗೆ ಆಹಾರ. ಇದ್ ಜನರ ಆರೋಗ್ಯದ್ ಪ್ರಶ್ನೆ. ಆಹಾರ ನಮ್ಮ ಸಮಿತಿಗೆ ಬತ್ತ್."

ಸಮಿತಿಗೆ ಬೀಗ ಹಾಕುವ ಅಧಿಕಾರವಿರಲಿಲ್ಲ. ಆದರೆ ಕಟ್ಟಡದ ಯಜಮಾನರ ಬಳಿ ಬೀಗವಿತ್ತು. ತಮ್ಮ ಮಗಳನ್ನೂ ಸೇರಿಸಿ ಊರಿನ ಹುಡುಗಿಯರನ್ನೆಲ್ಲ ಸುಟ್ಟ ಪೆಟ್ಟಿಗೆಗೆ ಅವರು ಹಪ್ಪಳದ ರಕ್ಷಣೆಗೆಂದು ಸರಪಳಿ ಸುತ್ತಿ ಬೀಗ ಜಡಿದರು. ಮುಚ್ಚಳದ ಬಿಳಿ ಹೆಂಗಸು ಸರಪಳಿಯ ಅಡಿ, ಸೆರಗು ಹೊದ್ದು, ಕಣ್ಣು ಮುಚ್ಚಿ, ನಗುತ್ತಲೇ ಇದ್ದಳು.

ಅಕ್ಕ ಅಂದು ಸರಸಕ್ಕನ ರವಿಕೆ ಹೊಲಿಯುತ್ತಿದ್ದಳು. ಅಳತೆ ಹಿಡಿದದ್ದು ಇತ್ತಲ್ಲ. ದಾರ ಮುಗಿಯಿತು. ಹೊಸ ಉಂಡೆ ಹಾಕಿ, ತುದಿಯನ್ನು ತುಟಿಗೆ ತಾಗಿಸಿ, ಕಿಟಕಿಯಾಚೆ ಬಸ್ಸಿನ ಹೆಸರು ಓದುತ್ತ, ನೋಡದೆಯೇ ಸೂಜಿಗೆ ಪೋಣಿಸಿದಳು.

"ಅಪ್ಪಿ," ಎಂದಳು, "ತೋಳ್ ಉದ್ದ ಇಡ್ಲಾ? ಮದಿ ಫೋಟೋಕ್ ಅವ್ರಿಗೆ ಬೇಕಾತ್ತ್."

"ಮಣಿಗಂಟಿನ್ ವರಿಗ್ ಇಡ್," ಎಂದೆ.